ಸುಣ್ಣ ಬಳಿಯದ ಗೋಡೆ

ಬಾಗಿಲ ಹಿಂದಿನ ಗೋಡೆಗೂ ಸುಣ್ಣ ಬಳಿದದ್ದೇ ಶಿವಮಲ್ಲಮ್ಮನ ತಪ್ಪಾಯಿತು.

ಅದು ಎಪ್ಪತ್ತೆಂಟರ ದೀಪಾವಳಿ. ಗೆಟ್ಟವಾಡಿಯ ಮನೆಮನೆಗೂ ಜ್ವರ ವಿಚಾರಿಸಿಕೊಂಡು ಬರುವ ಮಲೇರಿಯಾ ಇಲಾಖೆಯ ರುದ್ರಸ್ವಾಮಿ ಬಾಗಿಲು ಸರಿಸಿ ನೋಡಿದವನೇ ಪೆನ್ಸಿಲು ಹಿಡಿದು ಪೆಚ್ಚಾಗಿ ನಿಂತ. ಅಲ್ಲಿ ಅವನು ಬರೆದಿಟ್ಟಿದ್ದ ಮನೆಮಂದಿಯ ಲೆಕ್ಕ, ತಾರೀಕು, ಸಹಿ ಎಲ್ಲ ಮಾಯವಾಗಿತ್ತು.

“ಎಲ್ಲಾನೂ ಅಳಿಸ್ಬುಟ್ರಲ್ಲ!”

“ದೀಪಾವಳಿ ಅಬ್ಬ ಅಲ್ವಾ? ಈಗ ನಾವು ನಾಕು ಜನ, ಬರ್ಕೊಳಿ. ಅಳೇದ್ಯಾಕೆ ಬೇಕು?”

“ಅಂಗಲ್ಲ ಕಣ್ರೀ. ಮೊದ್ಲು ಐದು. ನಿಮ್ಮಜ್ಜಿ ತೀರ್ಕೊಂಡ್ಮೇಲೆ ನಾಕು. ಐದ್ರ ಮೇಲೆ ಗೀಟು ಎಳ್ದು, ಪಕ್ಕದಲ್ಲಿ ನಾಕು ಬರ್ದು, ತಾರೀಕು ಆಕ್ಬೇಕು. ಆದ್ರೆ ಐದು ಕಾಣ್ತಾನೇ ಇರ್ಬೇಕು. ಇಲ್ದಿದ್ರೆ ಅಜ್ಜಿ ಈ ಮನೇಲಿ ಇದ್ರು ಅಂತ ಗೊತ್ತಾಗೋದೆಂಗೆ?”

ಎದುರುತ್ತರ ಶಿವಮಲ್ಲಮ್ಮನ ನಾಲಿಗೆಯ ತುದಿಯಲ್ಲೇ ಇತ್ತು. ಅಜ್ಜಿಯ ಹೆಸರು ಬಂದದ್ದೇ ಅವಳು ಗೋಡೆಯತ್ತ ತಿರುಗಿದಳು. ಅವನೋ, ಯಾವ ಪುಸ್ತಕವನ್ನೂ ತೆರೆದು ನೋಡದೆ, ಅಜ್ಜಿ ಹೋದ ತಾರೀಕನ್ನು ಹಸಿ ಸುಣ್ಣದ ಮೇಲೆ ಮತ್ತೆ ಬರೆದ. ತಮ್ಮ ಮನೆಯ ದುಃಖವನ್ನು ಹೊರಗಿನವನೊಬ್ಬ ಇಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಾನಲ್ಲ! ಹುಡುಗಿ ಮನಸ್ಸು ಕೊಟ್ಟದ್ದು ಅಲ್ಲೇ.

ಆಮೇಲೆ ಯಾವ ಹಬ್ಬಕ್ಕೂ ಅಷ್ಟಗಲ ಗೋಡೆಗೆ ಅವಳು ಸುಣ್ಣ ಮುಟ್ಟಿಸಲಿಲ್ಲ.

“ಆ ಕೊಳಕು ಯಾಕಮ್ಮಿ ಬುಟ್ಟಿದ್ದೀಯ?” ಎಂದು ಅವ್ವ ಗದರಿದರೆ, “ಅದು ಸರ್ಕಾರದ್ದು ಕಣವ್ವ” ಎನ್ನುವಳು. ಸರ್ಕಾರದ ಮೇಲೆ ಅವಳಿಗೆ ಅಷ್ಟೊಂದು ಭಕ್ತಿ!

ಅಣ್ಣನ ಮದುವೆಯಾಯಿತು. ನಾಲ್ಕರ ಮೇಲೆ ಗೀಟು ಬಿದ್ದು ಐದಾಯಿತು. ಅತ್ತಿಗೆ ಹೆತ್ತಳು, ಆರಾಯಿತು. ಪ್ರತಿ ಸಲವೂ ರುದ್ರಸ್ವಾಮಿ, “ಯಾರ್ಗಾದ್ರೂ ಜ್ವರವಾ?” ಎಂದು ಕೇಳಿ, ಜ್ವರಕ್ಕೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಅವಳ ಮುಖ ನೋಡುತ್ತಿದ್ದ.

“ನಮ್ಗ್ಯಾರ್ಗೂ ಇಲ್ಲ. ನಿಮ್ಗೇ ಇರಂಗೆ ಕಾಣ್ತದೆ.”

ಅವನ ಕಿವಿ ಕೆಂಪಾಗುತ್ತಿತ್ತು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಇವನಿಂದ ಒಂದು ಮಾತು ಹೊರಡುವಷ್ಟರಲ್ಲಿ ತನ್ನ ತಲೆ ನರೆಯುತ್ತದೆ ಎಂದು ಅವಳಿಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ಒಂದು ಬೆಳಿಗ್ಗೆ ಅವನು ಸಹಿ ಹಾಕಿ, ಗೋಡೆಯ ಕಡೆಗೇ ಮುಖ ಮಾಡಿ ಹೇಳಿದ: “ಮುಂದಿನ ತಿಂಗ್ಳಿಂದ ನಾನು ಬರಕಿಲ್ಲ. ದಿಂಬಂ ಘಾಟಿ ಇಳ್ದು ಸತ್ಯಮಂಗಲದ ಕಡೀಕೆ ವರ್ಗ ಮಾಡವ್ರೆ.”

ಈಗ ಸುಮ್ಮನಿದ್ದರೆ ಇವನು ನಿಜವಾಗಿಯೂ ಘಾಟಿ ಇಳಿದುಬಿಡುತ್ತಾನೆ. ಶಿವಮಲ್ಲಮ್ಮ ಅವನ ಕೈಯಿಂದ ಪೆನ್ಸಿಲು ಕಿತ್ತುಕೊಂಡಳು. ಆರರ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ಐದು ಎಂದು ಬರೆದಳು.

ರುದ್ರಸ್ವಾಮಿ ಗಾಬರಿಯಾದ. “ಅಯ್ಯೋ, ಯಾರಿಗೇನಾಯ್ತು?”

“ಯಾರಿಗೂ ಏನೂ ಆಗಿಲ್ಲ. ಒಬ್ಳು ಗಂಡನ ಮನೇಗೆ ಓಯ್ತಾಳೆ.” ಪೆನ್ಸಿಲನ್ನು ಅವನ ಅಂಗೈಗೆ ಒತ್ತಿದಳು. “ತಾರೀಕು ನೀವೇ ಆಕಿ.”

ಅವನು ಗೋಡೆ ನೋಡಿದ, ಅವಳನ್ನು ನೋಡಿದ. ಆಮೇಲೆ ಮುಖವಿಡೀ ಅರಳಿತು.

“ನಮ್ಮನೆ ಗೋಡೇಲಿ ಎರಡು ಅಂತೈತೆ ಕಣಮ್ಮಿ. ಅವ್ವ, ನಾನು.”

“ಗೀಟು ಎಳೀರಿ. ಎರಡು ಕಾಣ್ತಾನೇ ಇರ್ಲಿ.”

ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. “ನಿಮ್ಮಪ್ಪ ಎಲ್ಲವ್ರೆ?”

“ಇತ್ತಲಲ್ಲಿ. ಯಾಕೆ?”

“ತಾರೀಕು ಕೇಳ್ಕೊಂಡು ಬತ್ತೀನಿ, ಇರು.”