ಕಮಲಾಪುರದಲ್ಲಿ ಮಾತ್ರ ಸಾಯುವ ಯಂತ್ರ

ಗುರುವಾರ ಬೆಳಿಗ್ಗೆ ಹತ್ತಕ್ಕೆ ಶಂಕ್ರಮ್ಮ ಗುಂಡಿ ಒತ್ತಿದಳು. ಕಂಪ್ಯೂಟರ್ ಡಬ್ಬಿಯೊಳಗಿನ ಫ್ಯಾನು ಒಮ್ಮೆ ಮಿಸುಕಿತು. ಅಷ್ಟೆ. ಮತ್ತೆ ಒತ್ತಿದಳು. ಮತ್ತೆ ಒಂದು ಮಿಸುಕು, ಮತ್ತೆ ಮೌನ. ಪರದೆ ಕಪ್ಪಗೆ ಕೂತೇ ಇತ್ತು. ಬೆನ್ನ ಹಿಂದೆ ಹನ್ನೊಂದು ಹುಡುಗಿಯರು ಉಸಿರು ಬಿಗಿಹಿಡಿದು ನಿಂತಿದ್ದರು.

ಸೋಮವಾರಕ್ಕೆ ಉಳಿದದ್ದು ನಾಲ್ಕೇ ದಿನ!

ಅದು ಎರಡು ಸಾವಿರದ ಒಂದನೇ ಇಸವಿ. ಕಮಲಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ, ಕೋಣೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಒಂದೇ ಒಂದು ಕಂಪ್ಯೂಟರು. ಶಂಕ್ರಮ್ಮನ ತರಬೇತಿ ಕೇಂದ್ರವೆಂದರೆ ಅಷ್ಟೇ. ಸೋಮವಾರ ಹನ್ನೊಂದು ಗಂಟೆಗೆ ತಪಾಸಣೆಯ ಅಧಿಕಾರಿ ಬರುವವರಿದ್ದರು. ಅವರೆದುರು ಯಂತ್ರ ನಡೆದರೆ ಕೇಂದ್ರಕ್ಕೆ ಮಾನ್ಯತೆ, ಹುಡುಗಿಯರಿಗೆ ಊರಲ್ಲೇ ಪರೀಕ್ಷೆ. ನಡೆಯದಿದ್ದರೆ ಈ ವರ್ಷ ಹೋಯಿತು. ಈ ಹುಡುಗಿಯರನ್ನು ದಿನಾ ಬಸ್ಸು ಹತ್ತಿಸಿ ಕಲಬುರಗಿಗೆ ಕಳಿಸುವ ಮನೆಗಳು ಅವಲ್ಲ. ಮುಂದಿನ ವರ್ಷದ ಹೊತ್ತಿಗೆ ಅರ್ಧ ಮಂದಿಗೆ ಮದುವೆಯೇ ಆಗಿರುತ್ತಿತ್ತು. ಗೋಡೆಗೆ ಸುಣ್ಣ, ಕಿಟಕಿಗೆ ಪರದೆ, ಮೇಜಿನ ವೈರುಗಳಿಗೆ ತಗಡಿನ ಪಟ್ಟಿ, ಅಂಗಳಕ್ಕೆ ಮುರುಮು ಮಣ್ಣು, ಎಲ್ಲ ಸಿಂಗಾರವೂ ಆಗಿತ್ತು. ಮದುಮಗನೊಬ್ಬನೇ ಮೂರ್ಛೆ ಹೋಗಿದ್ದ.

"ನಿನ್ನೆ ಸಂಜಿಗೆ ಕಡೀಕ ಕೂತಾಕಿ ಯಾರು?"

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಮಲ್ಕಮ್ಮ ಮುಂದೆ ಬಂದಳು.

"ನಾನ್ರಿ ಅಕ್ಕೋರ."

"ಏನು ಒತ್ತಿದಿ?"

"ಏನೂ ಇಲ್ರಿ. ನೀವು ಹೇಳಿಕೊಟ್ಟಂಗ ಬಂದ್ ಮಾಡಿ ಎದ್ದೆನ್ರಿ."

"ಮತ್ತ ಇದ್ದಕ್ಕಿದ್ದಂಗ ಹೆಂಗ ಕೆಡ್ತದ?"

ಸುದ್ದಿ ಮಧ್ಯಾಹ್ನದೊಳಗೆ ಮಲ್ಕಮ್ಮನ ಅಜ್ಜ ಪೀರಪ್ಪನ ಕಿವಿಗೆ ಬಿತ್ತು. ತಂದೆತಾಯಿಯಿಲ್ಲದ ಮೊಮ್ಮಗಳನ್ನು ಸಾಕಿದ ಮುದುಕ, ಮಾನಕ್ಕೆ ಅಂಜುವವನು. ಆಕೆಯನ್ನು ಬೈದು ಮನೆಯಲ್ಲೇ ಕೂರಿಸಿದ.

ಶಂಕ್ರಮ್ಮ ಡಬ್ಬಿಯ ಹಿಂದಿನ ವೈರುಗಳನ್ನೆಲ್ಲ ಕಿತ್ತು, ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಕಲಬುರಗಿ ಬಸ್ಸು ಹತ್ತಿದಳು. ಶಹಾಬಜಾರದ ಓಣಿಯಲ್ಲಿ ಇಮಾಮುದ್ದೀನನ ಅಂಗಡಿ. ರೇಡಿಯೋ ರಿಪೇರಿಯಿಂದ ಶುರುಮಾಡಿ ಟಿ.ವಿ. ದಾಟಿ ಕಂಪ್ಯೂಟರಿಗೆ ಬಂದ ಮನುಷ್ಯ. ಮಾತು ಕಡಿಮೆ, ಕನ್ನಡಕ ದಪ್ಪ. ಆ ಕಂಪ್ಯೂಟರನ್ನು ಜೋಡಿಸಿ ಕೊಟ್ಟವನೂ ಅವನೇ.

ಅವನು ಡಬ್ಬಿಗೆ ತನ್ನ ವೈರು ಚುಚ್ಚಿ ಗುಂಡಿ ಒತ್ತಿದ. ಫ್ಯಾನು ಭರ್ರೆಂದು ತಿರುಗಿತು. ಪರದೆ ಬೆಳಗಿತು. ಶಂಕ್ರಮ್ಮ ಕಣ್ಣುಜ್ಜಿಕೊಂಡು ನೋಡಿದಳು.

"ಛಲೋ ಅದಲ್ಲ, ಅಕ್ಕೋರ?"

ಆದರೂ ಇರಲೆಂದು ಅವನು ರ‍್ಯಾಮ್ ಪಟ್ಟಿಯನ್ನು ಕಿತ್ತು, ಅದರ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಕೂರಿಸಿದ. ಶಂಕ್ರಮ್ಮ ಹಿಗ್ಗುತ್ತ ಊರಿಗೆ ಬಂದಳು. ವೈರುಗಳನ್ನು ಚುಚ್ಚಿ ಗುಂಡಿ ಒತ್ತಿದಳು. ಒಂದು ಮಿಸುಕು, ಮೌನ.

ಶುಕ್ರವಾರ ಮತ್ತೆ ಬಸ್ಸು, ಮತ್ತೆ ಕೌದಿ. ಶಹಾಬಜಾರದಲ್ಲಿ ಮತ್ತೆ ಭರ್ರ್! ಈ ಸಲ ಇಮಾಮುದ್ದೀನ್ ಹಣೆಗೆ ಕೈ ಹಚ್ಚಿ ಕೂತ. ಡಬ್ಬಿಯ ಭಾಗಗಳಿಗೆಲ್ಲ ಕರೆಂಟು ಹಂಚುವ ಎಸ್‌ಎಂಪಿಎಸ್ ಅನ್ನೇ ಬಿಚ್ಚಿ ಬೇರೆಯದನ್ನು ಹಾಕಿಕೊಟ್ಟ. ಕಮಲಾಪುರಕ್ಕೆ ಬಂದರೆ ಒಂದು ಮಿಸುಕು, ಮೌನ.

ಶನಿವಾರ ಶಂಕ್ರಮ್ಮ ಶಹಾಬಜಾರದಲ್ಲಿ ಇಳಿದದ್ದು ಜಗಳಕ್ಕೇ ತಯಾರಾಗಿ. ಓಣಿಯ ನಾಲ್ಕು ಮಂದಿ ಕೇಳುವಂತೆ ದನಿ ಎತ್ತಿದಳು.

"ಏನು ಮಾಡೀರಿ ಸಾಬ್ರ? ನನ್ನ ಛಲೋ ಸಾಮಾನ ತಗೊಂಡು ಹಳೇದು ತುರುಕಿರೇನು? ನಿಮ್ಮ ಮುಂದ ಒಂದು ಆಟ, ನನ್ನ ಮುಂದ ಒಂದು ಆಟ! ಹನ್ನೊಂದು ಹುಡುಗೇರ ಬಾಳೇವು ಅದರಾಗ ಅದ, ಮಾಲೂಮ್ ಅದ ಏನು ನಿಮಗ?"

ಎದುರಿನ ಚಹದಂಗಡಿಯಲ್ಲಿ ಕಪ್ಪು ಹಿಡಿದವರು ಕುಡಿಯುವುದನ್ನು ಮರೆತು ಇತ್ತ ನೋಡಿದರು. ಇಮಾಮುದ್ದೀನನ ಮುಖ ಕೆಂಪಾಯಿತು. ಡಬ್ಬಿ ತೆಗೆದುಕೊಂಡ. ಚುಚ್ಚಿದ. ಒತ್ತಿದ. ಭರ್ರ್!

"ಕೂಡ್ರಿ ಅಕ್ಕೋರ," ಅಂದ. "ಜರಾ ಕೇಳ್ತೀನಿ, ಹೇಳ್ರಿ. ನಿಮ್ಮಲ್ಲಿ ಕರೆಂಟು ಹೆಂಗದ? ಬಲ್ಬು ಮಿಣಿಮಿಣಿ ಆಗ್ತದೇನು?"

"ಇಲ್ಲ. ಸ್ಟೆಬಿಲೈಸರ್ ಅದ. ಮುಳ್ಳು ಸರೀನೇ ತೋರಿಸ್ತದ."

"ಸಿಡಿಲು ಬಡೀತೇನು?"

"ಮಳೀನೇ ಇಲ್ಲ, ಸಿಡಿಲೆಲ್ಲಿಂದ ಬರಬೇಕು?"

"ಬಸ್ಸಿನಾಗ ಕುಲುಕಿ ಏನರ ಸಡಿಲಾಗ್ತದ ಅಂದ್ರ—" ಅವನು ತನ್ನ ಮಾತನ್ನು ತಾನೇ ತಡೆದ. "ಊಂಹೂಂ. ಇಲ್ಲಿಗೆ ಬರೂ ಬಸ್ಸೂ ಕುಲುಕ್ತದ. ಇಲ್ಲಿಗೆ ಬಂದಾಗ ಯಾಕ ನಡೀತದ?"

"ಅದನ್ನs ನಾನೂ ಕೇಳಾಕತ್ತೀನಿ!"

"ಬುಧವಾರ ಗುರುವಾರದ ನಡಕ ಏನರ ಹೊಸದು ಹಾಕೀರಿ? ಏನರ ಬದಲಿ ಮಾಡೀರಿ?"

"ಕಂಪ್ಯೂಟರಿಗಾ? ಏನೂ ಇಲ್ಲ. ಖರೇ ಹೇಳ್ತೀನಿ, ಅದರ ಮೈ ಯಾರೂ ಮುಟ್ಟಿಲ್ಲ."

"ಇಲ್ಲಿಗೆ ತಂದದ್ದು ಏನೇನು?"

"ಡಬ್ಬಿ. ಕಾಣ್ಸಲ್ಲೇನು?"

ಇಮಾಮುದ್ದೀನ್ ಆ ಕೌದಿಯನ್ನು ಎತ್ತಿ ಕೊಡವಿ ನೋಡಿದ. ಆಮೇಲೆ ಕನ್ನಡಕ ಒರೆಸಿಕೊಂಡ.

"ನಾಳೆ ದುಕಾನ ಬಂದ್ ಮಾಡಿ ನಾನs ಬರ್ತೀನಿ. ಕಡೀಕ ಕೂತಿದ್ದ ಆ ಹುಡುಗಿನ್ನೂ ಕರಸ್ರಿ."

ಭಾನುವಾರ ಒಂಬತ್ತರ ಬಸ್ಸಿಗೆ ಅವನು ಕಮಲಾಪುರದಲ್ಲಿ ಇಳಿದ. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಒಂದು ಮೀಟರು. ಕೋಣೆಯ ಬಾಗಿಲಲ್ಲಿ ಪೀರಪ್ಪ ಮೊಮ್ಮಗಳ ರಟ್ಟೆ ಹಿಡಿದು ನಿಂತಿದ್ದ. ಅತ್ತು ಅತ್ತು ಹುಡುಗಿಯ ಕಣ್ಣು ಊದಿದ್ದವು.

"ಕೇಳ್ರಿ ಸಾಬ್ರ, ಏನು ಮಾಡ್ಯಾಳ ಅಂತ ಕೇಳ್ರಿ," ಅಂದ ಮುದುಕ. "ವಿದ್ಯಾ ಕೊಟ್ಟ ಅಕ್ಕೋರ ಹೊಟ್ಟಿ ಮ್ಯಾಲ ಹೊಡದಾಳ!"

ಇಮಾಮುದ್ದೀನ್ ಹುಡುಗಿಯನ್ನು ಒಂದೇ ಒಂದು ಮಾತು ಕೇಳಿದ.

"ನೀ ಎದ್ದು ಹೋಗೂ ಮುಂದ ಅದು ಸರಿಯಾಗಿ ಬಂದ್ ಆತೇನವ್ವ?"

"ಆತ್ರಿ. ಪರದಿ ಕಪ್ಪಾಗೂತನಕ ನೋಡೇ ಎದ್ದೆನ್ರಿ."

ಅವನು ತಲೆಯಾಡಿಸಿದ. ಮೇಜಿನ ಸುತ್ತ ಒಂದು ಸುತ್ತು ಹಾಕಿದ. ಡಬ್ಬಿಯ ಹಿಂದಿನ ವೈರುಗಳನ್ನೆಲ್ಲ ಬಿಡಿಸಿದ. ಕರೆಂಟಿನದು ಮತ್ತು ಪರದೆಯದು, ಎರಡನ್ನು ಮಾತ್ರ ಚುಚ್ಚಿದ.

"ಒತ್ರಿ ಅಕ್ಕೋರ."

ಶಂಕ್ರಮ್ಮ ಒತ್ತಿದಳು. ಭರ್ರ್! ನಾಲ್ಕು ದಿನದ ಮೇಲೆ ಕಮಲಾಪುರದಲ್ಲಿ ಯಂತ್ರ ಉಸಿರಾಡಿತು. ಆಕೆಗೆ ಅಳು ನಗು ಎರಡೂ ಒಟ್ಟಿಗೆ ಬಂದವು.

ಬಂದ್ ಮಾಡಿಸಿ ಮೌಸು ಚುಚ್ಚಿದ. ಭರ್ರ್! ಮತ್ತೆ ಬಂದ್ ಮಾಡಿಸಿ ಕೀಬೋರ್ಡು ಚುಚ್ಚಿದ.

ಒಂದು ಮಿಸುಕು, ಮೌನ.

"ಕೀಬೋರ್ಡು!" ಶಂಕ್ರಮ್ಮ ಚೀರಿದಳು. "ಅಂದ್ರ ಬಡಿದು ಬಡಿದು ಈ ಮಲ್ಕಮ್ಮಾನೇ—"

"ನೋಡಿದ್ಯಾ?" ಪೀರಪ್ಪ ಕೈ ಎತ್ತೇಬಿಟ್ಟ.

"ತಡೀರಿ!" ಇಮಾಮುದ್ದೀನನ ದನಿ ಮೊದಲ ಸಲ ಏರಿತು. "ಅವಸರ ಮಾಡಬ್ಯಾಡ್ರಿ. ಇನ್ನೂ ಮುಗಿದಿಲ್ಲ."

ಅವನು ಮೀಟರು ತೆಗೆದ. ಕೀಬೋರ್ಡಿನ ವೈರಿನ ತುದಿಯಲ್ಲಿದ್ದ ಎರಡು ಪಿನ್ನುಗಳಿಗೆ ಅದರ ಎರಡು ಕಡ್ಡಿ ಮುಟ್ಟಿಸಿದ. ಮೀಟರು ಕುಂಯ್ ಎಂದು ಕೂಗತೊಡಗಿತು; ಕೂಡಬಾರದ ಎರಡು ತಂತಿ ಎಲ್ಲೋ ಕೂಡಿದ್ದವು. ಕಡ್ಡಿಗಳನ್ನು ಹಾಗೇ ಹಿಡಿದಿರಲು ಶಂಕ್ರಮ್ಮನಿಗೆ ಕೊಟ್ಟು ತಾನು ಮೇಜಿನ ಪಕ್ಕ ಮೊಣಕಾಲೂರಿದ. ಅಲ್ಲಿ ಮೇಜಿನ ಅಂಚಿನುದ್ದಕ್ಕೂ ತಗಡಿನ ಪುಟ್ಟ ಪಟ್ಟಿಗಳು ವೈರನ್ನು ಅಪ್ಪಿ ಹಿಡಿದಿದ್ದವು. ಗೇಣಿಗೊಂದು, ಅಳತೆ ಹಿಡಿದಂತೆ ಸಾಲಾಗಿ. ಅವನು ಮೊದಲನೆಯದನ್ನು ಉಗುರಿನಿಂದ ಬಿಚ್ಚಿದ. ಮೀಟರು ಕೂಗುತ್ತಲೇ ಇತ್ತು. ಎರಡನೆಯದು. ಮೂರನೆಯದು. ಮೂಲೆಯಲ್ಲಿದ್ದ ನಾಲ್ಕನೆಯದು ಉಗುರಿಗೆ ಬಗ್ಗಲಿಲ್ಲ. ಸ್ಕ್ರೂಡ್ರೈವರ್ ಮೊನೆಯಿಂದ ಎಬ್ಬಿದ.

ಕೂಗು ನಿಂತಿತು.

ಮೊಮ್ಮಗಳ ರಟ್ಟೆ ಹಿಡಿದಿದ್ದ ಪೀರಪ್ಪನ ಕೈ ತಾನಾಗಿಯೇ ಸಡಿಲಿತು.

"ಮೂರು ಸಲ ಡಬ್ಬಿ ನನ್ನ ಕಡೆ ಬಂತು, ಮೂರು ಸಲಾನೂ ನಡೀತು," ಇಮಾಮುದ್ದೀನ್ ನಿಧಾನವಾಗಿ ಹೇಳಿದ. "ಅಂದಮ್ಯಾಲ ತಪ್ಪು ಡಬ್ಬ್ಯಾಗ ಇಲ್ಲ. ಹಂಗಾದ್ರ ಎಲ್ಲದ? ನನ್ನ ಕಡೆ ಬರದೇ ಉಳಿದದ್ದರಾಗ. ಅಕ್ಕೋರು ದಿನಾ ಡಬ್ಬಿ ತಂದ್ರು, ವೈರು ಇಲ್ಲೇ ಬಿಟ್ರು. ನಾನೂ ಶಾಣ್ಯಾನಂಗ ನನ್ನ ಕೀಬೋರ್ಡು ಹಚ್ಚಿ ನೋಡಿದೆ. ಈ ಪಟ್ಟಿ ವೈರಿನ ಮೈ ಕೊಯ್ದು ಒಳಗಿನ ಎರಡು ತಂತಿ ಕೂಡಿಸ್ಯದ. ಹಿಂಗ ಕೂಡಿದ್ದು ಗೊತ್ತಾದ ಕೂಡ್ಲೆ ಡಬ್ಬಿ ತನ್ನ ಜೀವ ಉಳಿಸ್ಕೊಳ್ಳಾಕ ತಾನs ಬಂದ್ ಆಗ್ತದ. ಅದಕ್ಕ ಆ ಒಂದು ಮಿಸುಕು."

"ಮತ್ತ ನಾ ಏನೂ ಬದಲಿ ಮಾಡಿಲ್ಲ ಅಂದೆ," ಶಂಕ್ರಮ್ಮ ತೊದಲಿದಳು. "ಬುಧವಾರ ಎಲ್ಲಾರೂ ಹೋದಮ್ಯಾಲ ಇದನ್ನ ಬಡಿದದ್ದು. ಇದು ಕಂಪ್ಯೂಟರಿನ ಮಾತು ಅಂತ ನನ್ನ ತಲ್ಯಾಗs ಬರಲಿಲ್ರಿ. ಎಷ್ಟು ಚೆಂದ ಕಾಣ್ತಿತ್ತು!"

"ಚೆಂದ ಇದ್ದದ್ದನ್ನ ಯಾರೂ ತಿರುಗಿ ನೋಡಂಗಿಲ್ಲ ಅಕ್ಕೋರ. ಇದು ಹಳೇ ಕಾಲದ ಮನಿ ವೈರಿಂಗಿನ ಕೈ. ಪಟ್ಟಿ ಮಡಚಬೇಕು, ಮ್ಯಾಲೊಂದು ಸುತ್ತಿಗಿ ಏಟು ಹಾಕಬೇಕು. ಆ ವೈರು ಗಟ್ಟಿ, ತಡೀತದ. ಇದು ತೆಳ್ಳಂದು. ಪಟ್ಟಿಯೊಳಗ ಅಲುಗಾಡಿರಬೇಕು, ಅದಕ್ಕ ಮೂಲ್ಯಾಗ ಇನ್ನೊಂದು ಏಟು ಜಾಸ್ತಿ ಬಿದ್ದದ. ಕಳ್ಳ ಅಂದ್ರ ಈ ತಗಡಿನ ಪಟ್ಟಿ. ಮುಗೀತು."

ಅವನು ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಎದ್ದ. ಪೀರಪ್ಪ ದಾರಿಗೆ ಅಡ್ಡ ಬಂದ.

"ಹೆಸರು ಹೇಳ್ರಿ ಸಾಬ್ರ."

"ಹೇಳಿದೆನಲ್ಲ. ಪಟ್ಟಿ."

"ಪಟ್ಟಿ ತಾನs ಹೋಗಿ ಬಡಕೊಳ್ತದೇನು?" ಮುದುಕ ದಾರಿ ಬಿಡಲಿಲ್ಲ. "ನಾಕು ದಿನ ಆತು, ಈ ಹುಡುಗಿನ್ನ ಬೈಯಾಕತ್ತೀನಿ. ಕೂಳು ಸುದ್ದಾ ನೆಟ್ಟಗ ಉಂಡಿಲ್ಲ ಅಕಿ. ಅಕಿ ಕೇಳೂಹಂಗ ಹೇಳ್ರಿ, ಯಾರು?"

ಇಮಾಮುದ್ದೀನ್ ಮಲ್ಕಮ್ಮನ ಕಡೆ ನೋಡಿದ. ಆಮೇಲೆ ಮುದುಕನ ಕಡೆ, ಅವನ ಅಂಗಿಯ ಜೇಬಿನಿಂದ ಇಣುಕುತ್ತಿದ್ದ ಹಳೆಯ ಕರೆಂಟು ಟೆಸ್ಟರಿನ ಕಡೆ.

"ನೀವು, ಪೀರಪ್ಪನೋರ."

ಪೀರಪ್ಪ ತಲೆ ತಗ್ಗಿಸಿದ. ಅರ್ಧ ಕಮಲಾಪುರದ ಮನೆಗಳಿಗೆ ದೀಪ ಹಚ್ಚಿದ ವೈರ್‌ಮನ್ ಅವನು.

"ಮೊಮ್ಮಗಳಿಗೆ ವಿದ್ಯಾ ಕೊಟ್ಟಾರ, ನಾ ಏನು ಕೊಡಲಿ ಅಂತ ಭಾಳ ದಿನ ಯೋಚನಿ ಮಾಡಿದ್ದೆ," ಅಂದ. "ಸಾಹೇಬ್ರು ಬರ್ತಾರ, ವೈರು ಜೋತಾಡಿದ್ರ ಅಕ್ಕೋರ ಮರ್ಯಾದಿ ಹೋಗ್ತದ ಅಂತ ಬಡದೆ. ನನಗ ಬರೂದು ಅದೊಂದೇ ಕೆಲಸ." ಮೊಮ್ಮಗಳ ತಲೆಯ ಮೇಲೆ ಕೈ ಇಟ್ಟ. "ತಪ್ಪಾತವ್ವ ನನ್ನಿಂದ."

ಮಲ್ಕಮ್ಮ ಅಜ್ಜನ ಅಂಗಿಯಲ್ಲಿ ಮುಖ ಹುದುಗಿಸಿ ಬಿಕ್ಕಿದಳು. ಶಂಕ್ರಮ್ಮ ಬಗ್ಗಿ ಮುದುಕನ ಕಾಲು ಮುಟ್ಟಿದಳು. "ಕಾಕಾ, ನನಗ ಇಷ್ಟು ಮನಸಿಟ್ಟು ಯಾರೂ ಏನೂ ಮಾಡಿಕೊಟ್ಟಿಲ್ರಿ," ಅಂದಳು. "ಹುಡುಗಿನ್ನ ಮೊದಲು ಅನುಮಾನಿಸಿದಾಕಿ ನಾನು. ತಪ್ಪು ನಂದೂ ಅದ." ಅದು ಉಪಚಾರದ ಮಾತಾಗಿರಲಿಲ್ಲ.

ಇಮಾಮುದ್ದೀನ್ ಜಜ್ಜಿಹೋದ ತುಂಡನ್ನು ಕತ್ತರಿಸಿ, ತಂತಿಗಳನ್ನು ಬಣ್ಣಕ್ಕೆ ಬಣ್ಣ ಸೇರಿಸಿ, ಟೇಪು ಸುತ್ತಿದ. ಟೇಪು ಹರಿದು ಹರಿದು ಕೊಟ್ಟವನು ಪೀರಪ್ಪನೇ. ಗುಂಡಿ ಒತ್ತಿದರು. ಭರ್ರ್! ಮಲ್ಕಮ್ಮ ಕೂತು ತನ್ನ ಹೆಸರನ್ನು ಬಡಿದಳು. ಪರದೆಯ ಮೇಲೆ ಒಂದಕ್ಷರವೂ ತಪ್ಪದೆ ಮೂಡಿತು.

ಬಸ್‌ಸ್ಟ್ಯಾಂಡಿನಲ್ಲಿ ಶಂಕ್ರಮ್ಮನಿಗೆ ಮುಖ ಎತ್ತಲಾಗಲಿಲ್ಲ.

"ಓಣ್ಯಾಗ ನಿಂತು ನಿಮ್ಮನ್ನ ಕಳ್ಳರ ಅಂದೆ ಸಾಬ್ರ. ಯಾವ ಬಾಯಿಲೆ ಶುಕ್ರಿಯಾ ಹೇಳಲಿ?"

"ಶುಕ್ರಿಯಾ ನಾ ಹೇಳಬೇಕು," ಅಂದ ಅವನು.

"ನೀವಾ? ಯಾಕ್ರಿ?"

"ಅನುಮಾನ ಬಂದವರು ಸುಮ್ಮನ ಬ್ಯಾರೆ ದುಕಾನಿಗೆ ಹೋಗ್ತಾರ. ನನಗ ಗೊತ್ತೇ ಆಗಂಗಿಲ್ಲ, ನಾ ಕಳ್ಳನಾಗೇ ಉಳೀತೀನಿ. ನೀವು ಬೈದ್ರಿ, ಖರೇ. ಆದ್ರ ಡಬ್ಬಿ ನನ್ನ ಕೈಯಾಗs ಕೊಟ್ಟು ಬೈದ್ರಿ."

ಬಸ್ಸು ಬಂತು. ಅವನು ಹತ್ತಿ ಹೋದ. ಅದು ತಿರುವಿನಲ್ಲಿ ಮರೆಯಾಗುವವರೆಗೂ ಶಂಕ್ರಮ್ಮ ಕೈಮುಗಿದು ನಿಂತೇ ಇದ್ದಳು.

ಸೋಮವಾರ ಹನ್ನೊಂದಕ್ಕೆ ಅಧಿಕಾರಿ ಬಂದರು. ಯಂತ್ರ ನಡೆಯಿತು. ಹನ್ನೊಂದು ಹೆಸರುಗಳೂ ಪರೀಕ್ಷೆಯ ಪಟ್ಟಿಗೆ ಸೇರಿದವು. ಕೊನೆಗೆ ಅವರು ಒಂದು ಅರ್ಜಿ ಮುಂದಿಟ್ಟು ಕೇಳಿದರು.

"ಇದೊಂದು ಖಾಲಿ ಉಳಿದದ ನೋಡ್ರಿ. ಯಂತ್ರ ಕೆಟ್ರ ನೋಡವರು ಯಾರು? ಕರೆಂಟಿನ ಕೆಲಸಕ್ಕ ಯಾರು? ಭರೋಸೆ ಇದ್ದವರ ಹೆಸರು ಬರೀಬೇಕು."

ಶಂಕ್ರಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ. ಇಮಾಮುದ್ದೀನ್, ಶಹಾಬಜಾರ ಎಂದು ಬರೆದಳು. ಅದರ ಕೆಳಗೆ ಪೀರಪ್ಪ, ಕಮಲಾಪುರ ಎಂದು ಬರೆದು ರುಜು ಹಾಕಿದಳು.