ಸೊಂಟದ ಹಗ್ಗ

ಗಂಜಿಯ ಮಡಕೆ ಹೊತ್ತು ಬಂದ ಕಿನ್ನಿ ಮರದ ಬುಡದಲ್ಲಿ ಗಕ್ಕನೆ ನಿಂತಳು. ಅವಳು ಮತ್ತೊಮ್ಮೆ ತಲೆಯೆತ್ತಿ ನೋಡಿದಳು... ಹೌದು, ಅದೇ ಹಗ್ಗ!

ಮಹಾಯುದ್ಧ ಮುಗಿದ ಮರುವರ್ಷದ ಮಾತು. ಬೆಳ್ಳೂರಿನ ಒಡೆಯರ ಹಂಚಿನ ಮಾಡಿನ ಮೇಲೆ ವಾಲಿದ್ದ ಕಾಟುಮಾವಿನ ಮರವನ್ನು ತುದಿಯಿಂದ ಕಡಿದಿಳಿಸಲು ಅವಳ ಗಂಡ ಬಟ್ಯ ಏರಿದ್ದ. ಸೊಂಟವನ್ನು ಮರಕ್ಕೆ ಕಟ್ಟಿಕೊಂಡು, ಆ ಹಗ್ಗಕ್ಕೇ ಮೈಯ ಭಾರ ಬಿಟ್ಟು ಕತ್ತಿ ಬೀಸುತ್ತಿದ್ದ. ಕೊಂಬೆ ಇಳಿಸುವ ಇನ್ನೊಂದು ಹಗ್ಗದ ತುದಿ ಕೆಳಗೆ ಅವನ ತಾಯಿ ಅಪ್ಪಿಯ ಕೈಯಲ್ಲಿತ್ತು.

ಸೊಂಟದ ಹಗ್ಗಕ್ಕೆ ಮಳೆಗಾಲದ ತೇವ ತಾಗದಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿಟ್ಟವಳು ಕಿನ್ನಿಯೇ. ಕಿಡಿ ಹಾರಿ ಎಳೆಗಳು ಸುಟ್ಟಿದ್ದವು. ಅತ್ತೆಯ ಬಾಯಿಗೆ ಹೆದರಿ ಸುಟ್ಟ ಜಾಗವನ್ನು ಸುರುಳಿಯೊಳಗೆ ಅಡಗಿಸಿದ್ದಳು. ಹೊಸ ಹಗ್ಗ ಉಂಟಲ್ಲ, ಇದನ್ನು ಯಾರು ಮುಟ್ಟುತ್ತಾರೆ ಎಂದುಕೊಂಡಿದ್ದಳು. ಬೆಳಿಗ್ಗೆ ಅವಳು ನೀರಿಗೆ ಹೋಗಿದ್ದಾಗ ಹೊಸತು ಕೊಂಬೆಗೆಂದು ಹೋಯಿತು, ಹಳತು ಗಂಡನ ಸೊಂಟಕ್ಕೆ!

"ಅತ್ತೆ..."

"ಬಾಯಿ ಮುಚ್ಚು! ಅವ ಮರದಲ್ಲಿರುವಾಗ ಮಾತಾಡ್ಬಾರದು ಅಂತ ಎಷ್ಟು ಸಲ ಹೇಳುದು? ನಿನ್ನ ಬಾಯಿಗೆ ಬೀಗ ಯಾವ ಅಂಗಡಿಯಲ್ಲಿ ಸಿಗ್ತದೆ ಮಾರಾಯ್ತಿ!"

"ಸೊಂಟದ ಹಗ್ಗ ಸುಟ್ಟಿದೆ ಅತ್ತೆ... ನಾನೇ... ಅಟ್ಟದಲ್ಲಿಟ್ಟು..."

ಅಪ್ಪಿಯ ಮುಖ ಬಿಳಿಚಿತು. ಗಂಡನನ್ನು ಕೂಗಲು ಕಿನ್ನಿ ಬಾಯಿ ತೆರೆದಳು. ಅಪ್ಪಿಯ ಅಂಗೈ ಅದನ್ನು ಒತ್ತಿ ಹಿಡಿಯಿತು.

"ಕರೀಬೇಡ ಮಗಳೇ! ಅವನ ಅಪ್ಪ ಮರದಲ್ಲಿದ್ದಾಗ ಗಂಜಿಗೆ ಬನ್ನಿ ಅಂತ ಕರೆದದ್ದು ನಾನು. ತಿರುಗಿ ನೋಡಿದ್ರು... ಅಷ್ಟೇ..."

ಮದುವೆಯಾದ ಎರಡು ವರ್ಷದಲ್ಲಿ ಅತ್ತೆ ಅವಳನ್ನು ಮಗಳೇ ಎಂದದ್ದು ಅದೇ ಮೊದಲು.

ಅಪ್ಪಿ ಕೈಯಲ್ಲಿದ್ದ ಹಗ್ಗವನ್ನು ಮೂರು ಸಲ ಎಳೆದಳು. ನಿಲ್ಲಿಸಿ ಇಳಿ ಎಂಬುದಕ್ಕೆ ತಾಯಿ ಮಗನ ನಡುವಿನ ಗುರುತು ಅದು. ಕತ್ತಿಯ ಸದ್ದು ನಿಂತಿತು. ಬಟ್ಯ ಮರವನ್ನು ತಬ್ಬಿ, ಸೊಂಟದ ಗಂಟು ಬಿಚ್ಚಿ, ಹಗ್ಗವನ್ನು ಹೆಗಲಿಗೇರಿಸಿ ಇಳಿಯತೊಡಗಿದ. ಅವನ ಕಾಲು ಒಂದೊಂದೇ ಕವೆಯನ್ನು ತಡಕುತ್ತಿತ್ತು.

ಅವನು ನೆಲ ಮುಟ್ಟಿದ್ದೇ ಅಪ್ಪಿ ಆ ಹಗ್ಗವನ್ನು ಕಿತ್ತುಕೊಂಡು ಎರಡೂ ಕೈಯಲ್ಲಿ ಜಗ್ಗಿದಳು. ಪಟ್ಟನೆ ತುಂಡಾಯಿತು!

ಬಟ್ಯ ತುಂಡಿನ ಕರಿದ ತುದಿಯನ್ನು ಎತ್ತಿ ನೋಡಿದ. "ಯಾರು ಸುಟ್ಟದ್ದು ಇದನ್ನು? ಯಾರು?"

"ನಾನೇ," ಎಂದಳು ಅಪ್ಪಿ. "ಅಟ್ಟದಲ್ಲಿಟ್ಟು ಮರೆತೆ. ಪ್ರಾಯ ಆಯ್ತಲ್ಲ ಮಗಾ."

"ಅಪ್ಪನನ್ನು ಕಳೆದದ್ದು ಸಾಕಾಗ್ಲಿಲ್ವಾ ನಿನಗೆ!"

ಕಿನ್ನಿ ಅಳುತ್ತಾ ಮುಂದೆ ಬಂದಳು. ಅಪ್ಪಿ ಅವಳ ಮಣಿಕಟ್ಟು ಹಿಡಿದು ಪಿಸುಗುಟ್ಟಿದಳು. "ಸುಮ್ಮನಿರು. ನೀನು ಅವನೊಟ್ಟಿಗೆ ಇನ್ನೂ ಬಾಳ್ಬೇಕು. ನನಗೆಂತ..."

ಆ ದಿನದಿಂದ ಬಟ್ಯ ಕೊಂಬೆ ಇಳಿಸುವ ಹಗ್ಗದ ತುದಿಯನ್ನು ತಾಯಿಗೆ ಕೊಡಲಿಲ್ಲ. ನಂಬಿಕೆಯಿಂದ ಕಿನ್ನಿಯ ಕೈಗೆ ಕೊಟ್ಟ. ಮುದುಕಿ ಗಂಜಿ ಹೊತ್ತು ಬರುತ್ತಿದ್ದಳು. ಮಗ ಇಳಿಯುವವರೆಗೆ ಮಡಕೆಯನ್ನು ನೆಲಕ್ಕೂ ಇಡದೆ, ಮಾತಿಲ್ಲದೆ, ದೂರದಲ್ಲಿ ನಿಂತಿರುತ್ತಿದ್ದಳು.