ಎಡಕ್ಕೆ ವಾಲಿದ ಕನ್ನಡಕ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ, ಹೆಡ್‌ಫೋನಿನ ಒಳಗಿಂದ ಒಬ್ಬ ಗಂಡಸು ಅವಳ ಕನ್ನಡಕದ ಬಗ್ಗೆ ಮಾತಾಡಿದ.

"ಆ ಫಾರಂ ಕೊಡುವ ಹುಡುಗಿ... ಅವಳ ಕನ್ನಡಕ ಎಡಗಡೆ ಬೀಳುತ್ತೆ. ಒಂದು ಸ್ಕ್ರೂ ಲೂಸ್ ಇದೆ. ಕನ್ನಡಕಕ್ಕೆ. ಹುಡುಗಿಗೆ ಅಲ್ಲ."

ಅವಳು ರೆಕಾರ್ಡಿಂಗ್ ನಿಲ್ಲಿಸಿದಳು. ಹಿಂದಕ್ಕೆ ಎಳೆದು ಇನ್ನೊಮ್ಮೆ ಕೇಳಿದಳು. ಆಮೇಲೆ ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಂಡಳು. ನಿಜವೇ, ವಾಲಿತ್ತು.

ಭಾಷಾವಿಜ್ಞಾನ ವಿಭಾಗದ ಮೂರನೇ ಮಹಡಿಯ ಆ ಕೋಣೆಯ ಗೋಡೆಗಳಿಗೆಲ್ಲ ಸದ್ದು ನುಂಗುವ ಸ್ಪಂಜು ಅಂಟಿಸಿದ್ದರು. ಅಲ್ಲಿ ಕೂತು ಅವಳು ಎರಡು ವರ್ಷದಿಂದ ಪಿಎಚ್‌.ಡಿ. ಮಾಡುತ್ತಿದ್ದಳು. ದೊಡ್ಡವರಾದ ಮೇಲೆ ಹೊಸ ಭಾಷೆ ಕಲಿಯುವವರು ಎಲ್ಲಿ ತಡವರಿಸುತ್ತಾರೆ, ಎಷ್ಟು ಹೊತ್ತು ತಡವರಿಸುತ್ತಾರೆ ಎಂಬುದು ಅವಳ ವಿಷಯ. ಅವಳ ಅಧ್ಯಯನಕ್ಕೆ ಹನ್ನೆರಡು ಜನ ಕಲಿಯುವವರು ಒಪ್ಪಿಕೊಂಡಿದ್ದರು. ಅವರು ಪ್ರತಿ ಭಾನುವಾರ ಫೋನಿನ ಆ್ಯಪ್ ತೆರೆದು, ತಮ್ಮ ವಾರದ ಬಗ್ಗೆ ಹೊಸ ಭಾಷೆಯಲ್ಲಿ ಐದು ನಿಮಿಷ ಮಾತಾಡಬೇಕು. ಮುಗಿದಾಗ ಒಂದು ಯಂತ್ರದ ದನಿ "ನಿಮ್ಮ ಧ್ವನಿ ದಾಖಲಾಗಿದೆ, ಧನ್ಯವಾದಗಳು" ಅನ್ನುತ್ತದೆ. ಮಂಗಳವಾರ ಅವಳು ಕೂತು ಅದನ್ನೆಲ್ಲ ಮೈಯೆಲ್ಲ ಕಿವಿಯಾಗಿ ಕೇಳಿ, ಒಂದೊಂದು ಪದ, ಒಂದೊಂದು ಅಆಉಊ, ಒಂದೊಂದು ಮೌನವನ್ನೂ ಬರೆದಿಡುತ್ತಾಳೆ.

ಕನ್ನಡಕದ ಮಾತಾಡಿದವನು ಪಟ್ಟಿಯಲ್ಲಿ ಹನ್ನೊಂದನೆಯವನು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸಿ, ಗಾಜು ಅರೆದು ಫ್ರೇಮಿಗೆ ಕೂರಿಸುವ ಕೆಲಸ. ಬೇರೆ ದೇಶದಿಂದ ಬಂದು ಒಂದೂವರೆ ವರ್ಷವಾಗಿತ್ತು.

ಎರಡು ವಾರಕ್ಕೊಮ್ಮೆ ಶುಕ್ರವಾರ ಎಲ್ಲರೂ ಇದೇ ಕೋಣೆಗೆ ಬಂದು ಚಿತ್ರ ನೋಡಿ ಕಥೆ ಹೇಳಬೇಕಿತ್ತು. ಆಗ ಅವಳು ಹಾಳೆಯಲ್ಲಿ ಅಚ್ಚಾದ ಆರು ವಾಕ್ಯಗಳನ್ನು ಮಾತ್ರ ಓದಬೇಕು. ಹನ್ನೆರಡು ಜನರಿಗೂ ಅದೇ ಆರು. ಒಂದು ಪದ ಹೆಚ್ಚಾದರೂ ಲೆಕ್ಕ ಕೆಡುತ್ತದೆ. ಬಸ್ಸಿನಲ್ಲಿ "ಇಲ್ಲೇ ಇಳೀತೀನಿ" ಅನ್ನುವುದಕ್ಕೂ ಮೊದಲೇ ಮನಸ್ಸಿನಲ್ಲಿ ಮೂರು ಸಲ ಹೇಳಿ ನೋಡುವ ಅವಳಿಗೆ, ಪ್ರಪಂಚವೆಲ್ಲ ಹೀಗೇ ಇದ್ದಿದ್ದರೆ ಎಷ್ಟು ಚೆಂದ ಅನ್ನಿಸುತ್ತಿತ್ತು. ಅವಳ ದನಿ ಎಷ್ಟು ಸಣ್ಣದೆಂದರೆ, ಅದೇ ಕೋಣೆಯ ಇನ್ನೊಂದು ಮೇಜಿನ ಸೀನಿಯರ್ ಅಕ್ಕ ಅವಳಿಗೆ ಪಿಸು ಎಂದೇ ಹೆಸರಿಟ್ಟಿದ್ದಳು.

ಆ ಮಂಗಳವಾರ ಸಂಜೆ ಪಿಸು ಮಾಡಿದ್ದು ನಾಚಿಕೆಯಿಂದ ಮಾಡಿದ ಕೆಲಸ, ಬೇರೇನಿಲ್ಲ. ಬಸ್ ನಿಲ್ದಾಣದ ಪಕ್ಕದಲ್ಲಿದ್ದ ಯಾವುದೋ ಅಂಗಡಿಗೆ ಹೋಗಿ ಸ್ಕ್ರೂ ಬಿಗಿ ಮಾಡಿಸಿಕೊಂಡು ಬಂದಳು.

ಶುಕ್ರವಾರ ಹನ್ನೊಂದನೆಯವನು ಬಂದ. ಉದ್ದನೆಯ ಆಳು, ಬಾಗಿಲಲ್ಲಿ ತಲೆ ತಗ್ಗಿಸಿಕೊಂಡು ಬರುವ ಅಭ್ಯಾಸ, ಬಾಗಿಲು ಎತ್ತರವಿದ್ದರೂ. ಕೂತವನೇ ಅವಳ ಮುಖ ನೋಡಿದ. ನೋಟ ಎಡಗಿವಿಯ ಹತ್ತಿರ ಹೋಯಿತು, ಬಲಗಿವಿಯ ಹತ್ತಿರ ಬಂತು, ಮತ್ತೆ ಎಡಕ್ಕೆ ಹೋಯಿತು. ಅರಳಿದ್ದ ಮುಖ ಅಲ್ಲೇ ಬಾಡಿತು.

"ದಯವಿಟ್ಟು ಚಿತ್ರವನ್ನು ನೋಡಿ," ಎಂದು ಅವಳು ಮೊದಲನೇ ವಾಕ್ಯ ಓದಿದಳು.

ಚಿತ್ರದಲ್ಲಿ ನಾಯಿಯೊಂದು ಕೇಕು ಕದ್ದು ಓಡುತ್ತಿತ್ತು. ಅವನು ಆ ಕಥೆಯನ್ನು ಯಾರೋ ತೀರಿಕೊಂಡ ಸುದ್ದಿಯಂತೆ ಹೇಳಿದ.

ಮುಂದಿನ ಮಂಗಳವಾರ ಅವಳು ಹೆಡ್‌ಫೋನು ಹಾಕಿಕೊಂಡು ಮೊದಲು ಹನ್ನೊಂದನೆಯ ಸಾಲನ್ನೇ ತೆರೆದಳು.

"ಯಾರೋ ಸ್ಕ್ರೂ ಟೈಟ್ ಮಾಡಿದ್ದಾರೆ," ಎಂದ ಹನ್ನೊಂದನೆಯವನು. ದೊಡ್ಡ ನಿಟ್ಟುಸಿರು. "ತುಂಬಾ ಟೈಟ್. ಕೆಟ್ಟ ಕೆಲಸ. ನಾನು ಮೂರು ವಾರ ಒಂದು ವಾಕ್ಯ ತಯಾರು ಮಾಡಿದೆ. 'ನಿಮ್ಮ ಕನ್ನಡಕ ಎರಡು ನಿಮಿಷ ಕೊಡ್ತೀರಾ?' ಕನ್ನಡಿ ಮುಂದೆ ಹೇಳಿದೆ. ಅಂಗಡಿ ಗೊಂಬೆ ಮುಂದೆ ಹೇಳಿದೆ. ಈಗ ಈ ವಾಕ್ಯ ನಾನು ಏನು ಮಾಡಲಿ?"

ಅವಳು ಮೇಜಿನ ಮೇಲೆ ಹಣೆ ಇಟ್ಟುಕೊಂಡಳು. ನಗು ಬಂತು, ಅಳುವೂ ಬಂತು, ಕಿವಿ ಕೆಂಪಾಯಿತು.

ಗುಟ್ಟು ಅವಳೊಬ್ಬಳ ಹೊಟ್ಟೆಯಲ್ಲೇ ಉಳಿಯುತ್ತಿತ್ತೇನೋ. ಆದರೆ ಅವಳು ಬರೆದದ್ದು ಸರಿಯಿದೆಯೋ ಇಲ್ಲವೋ ನೋಡಲು ಹತ್ತರಲ್ಲಿ ಒಂದು ರೆಕಾರ್ಡಿಂಗನ್ನು ಇನ್ನೊಬ್ಬರು ಕೇಳಬೇಕೆಂಬ ನಿಯಮವಿತ್ತು. ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. ಕೇಳುವವಳು ಸೀನಿಯರ್ ಅಕ್ಕ. ಆ ವಾರ ಚೀಟಿ ಎಲ್ಲಿ ಬೀಳಬಾರದಿತ್ತೋ ಅಲ್ಲೇ ಬಿತ್ತು.

ಅಕ್ಕ ಐದು ನಿಮಿಷ ಕೇಳಿದಳು. ಹೆಡ್‌ಫೋನು ತೆಗೆದಳು. ಕುರ್ಚಿಯನ್ನು ಪೂರ್ತಿ ಈ ಕಡೆ ತಿರುಗಿಸಿದಳು.

"ಪಿಸು, ಇಲ್ಲಿ ಬಾ. ಬೆಳಕಿಗೆ ಬಾ. ಕನ್ನಡಕ ಯಾವಾಗ ರಿಪೇರಿ ಮಾಡಿಸ್ದೆ?"

"...ಹೋದ ಮಂಗಳವಾರ."

"ಇವನ ಹಿಂದಿನ ವಾರದ ರೆಕಾರ್ಡಿಂಗ್ ಕೇಳಿದ ಮೇಲೆ?"

"ಹ್ಞೂಂ."

"ಅಯ್ಯೋ ದೇವ್ರೆ. ಪಾರ್ಟಿಸಿಪೆಂಟ್ ಮಾತು ಕೇಳ್ಕೊಂಡು ನೀನು ಬದಲಾದ್ರೆ ಅದು ರಿಸರ್ಚ್ ಅಲ್ಲ ಕಣೇ, ಸಂಸಾರ." ಅಕ್ಕ ನಗು ತಡೆಯಲಾರದೆ ಟೀ ಲೋಟ ಕೆಳಗಿಟ್ಟಳು. "ಹೋಗು, ಮನೆಗ್ ಹೋಗಿ ಆ ಸ್ಕ್ರೂ ಮತ್ತೆ ಸಡಿಲ ಮಾಡು. ಮೊದಲಿದ್ದ ಸ್ಥಿತಿಗೆ ತರಬೇಕು."

ಅಕ್ಕ ಹೇಳಿದ್ದು ತಮಾಷೆಗೆ. ಪಿಸು ತಮಾಷೆಯನ್ನೂ ನೋಟ್ಸ್ ಮಾಡಿಕೊಳ್ಳುವ ಜಾತಿ. ಅವಳು ಮನೆಯಲ್ಲಿ ಅಮ್ಮನ ಹೊಲಿಗೆ ಯಂತ್ರದ ಡ್ರಾಯರಿನಿಂದ ಬೆರಳುದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡು ಕೂತಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ರವಿಕೆಯ ತೋಳು ಕೂರಿಸುತ್ತಿದ್ದ ಅಮ್ಮ ಅವಳ ಕೈಯ ಕಡೆ ನೋಡಿದರು. ಸೂಜಿ ತೆಗೆದು ಕೇಳಿದರು:

"ಸರಿಯಿರೋದನ್ನ ಕೆಡಿಸೋದೂ ರಿಸರ್ಚಾ?"

"ಹೌದಮ್ಮ."

"ಹಾಗಾದ್ರೆ ನಿಮ್ಮಪ್ಪ ಇಷ್ಟೊತ್ತಿಗೆ ಡಾಕ್ಟರೇಟ್ ಮಾಡಿರಬೇಕಿತ್ತು."

ಮುಂದಿನ ಸರದಿಯ ಶುಕ್ರವಾರ ಕನ್ನಡಕ ಮೊದಲಿಗಿಂತ ಹೆಚ್ಚೇ ವಾಲಿತ್ತು. ಹನ್ನೊಂದನೆಯವನು ಅದನ್ನು ಬಾಗಿಲಲ್ಲೇ ಕಂಡ. ಅವನ ಮುಖ ಇಷ್ಟಗಲವಾಯಿತು. ಅವತ್ತಿನ ಚಿತ್ರದಲ್ಲಿ ಒಬ್ಬ ಮುದುಕ ರೈಲು ತಪ್ಪಿಸಿಕೊಂಡಿದ್ದ. ಆ ಕಥೆಯನ್ನು ಅವನು ಮದುವೆಗೆ ಕರೆಯುವವನ ಹಾಗೆ ಹೇಳಿದ. ಆರನೇ ವಾಕ್ಯವಾದ "ಇಲ್ಲಿಗೆ ಮುಗಿಯಿತು, ಧನ್ಯವಾದಗಳು" ಆಯಿತು. ಅವನು ಎದ್ದು ನಿಂತ. ಗಂಟಲು ಸರಿಮಾಡಿಕೊಂಡ.

"ನಿಮ್ಮ ಕನ್ನಡಕ... ಎರಡು ನಿಮಿಷ ಕೊಡ್ತೀರಾ?"

ಒಂದೂ ತಪ್ಪಿಲ್ಲದ ವಾಕ್ಯ. ಅವಳು ಕನ್ನಡಕ ತೆಗೆದುಕೊಟ್ಟಳು. ಕೂಡಲೇ ಕೋಣೆಯೆಲ್ಲ ಕರಗಿತು. ಎದುರಿಗಿದ್ದವನು ನೀಲಿ ಶರಟಿನ ಮೋಡವಾದ. ಮೋಡ ಜೇಬಿನಿಂದ ಏನೋ ತೆಗೆಯಿತು, ಕಿಟಕಿಯ ಕಡೆ ಬಾಗಿತು, ಗಾಜಿನ ಮೇಲೆ ಹಾ ಎಂದು ಉಸಿರು ಬಿಟ್ಟು ಒರೆಸಿತು. ಆಮೇಲೆ ಹತ್ತಿರ ಬಂತು. ಕಿವಿಗಳ ಹಿಂದೆ ತಣ್ಣನೆಯ ಎರಡು ಕಡ್ಡಿಗಳು ಸರಿದು ಕೂತವು. ಬೆರಳು ತಾಗಲಿಲ್ಲ, ತಾಗದಂತೆ ಎಷ್ಟು ಎಚ್ಚರ ವಹಿಸಿದ್ದಾನೆ ಎಂಬುದು ತಾಗಿತು. ಮೋಡ ಮತ್ತೆ ಮನುಷ್ಯನಾದಾಗ, ಅವನ ಎಡಗಣ್ಣಿನ ರೆಪ್ಪೆಯಲ್ಲಿ ಒಂದೇ ಒಂದು ಬಿಳಿ ಕೂದಲಿದೆ ಎಂಬುದು ಅವಳಿಗೆ ಕಂಡಿತು.

"ಈಗ ಪ್ರಪಂಚ ನೇರ ಇದೆ," ಎಂದು ಅವನು ಹೇಳಿ, ಬಾಗಿಲಲ್ಲಿ ತಲೆ ತಗ್ಗಿಸಿಕೊಂಡು ಹೋದ.

ಮಂಗಳವಾರ ಅವನ ದನಿ ಕುಣಿಯುತ್ತಿತ್ತು.

"ಕೊಟ್ಟಳು. ನಾನು ಕೇಳಿದೆ, ಅವಳು ಕೊಟ್ಟಳು. ಆ ಹುಡುಗಿಗೆ ಆರು ವಾಕ್ಯ ಮಾತ್ರ ಗೊತ್ತು, ಪಾಪ, ನನಗಿಂತ ಕಡಿಮೆ. ಆದರೆ ಕಣ್ಣು ತುಂಬಾ ಮಾತಾಡುತ್ತೆ. ನಾನು ದಿನಕ್ಕೆ ಐವತ್ತು ಕಣ್ಣು ನೋಡ್ತೀನಿ, ನನಗೆ ಗೊತ್ತು." ಸ್ವಲ್ಪ ಮೌನ. ಎರಡೂವರೆ ಸೆಕೆಂಡು. "ನಿನಗೆ ಯಾಕೆ ಹೇಳ್ತೀನಿ ಅಂದರೆ, ನೀನು ಯಂತ್ರ. ಜನರಿಗೆ ನಾನು ಹೇಳಲ್ಲ, ಅವರು ನಗ್ತಾರೆ. ನೀನು ನಗಲ್ಲ. ಪ್ರತಿ ಸಲ ಧನ್ಯವಾದ ಹೇಳ್ತೀಯ. ಮುಂದಿನ ಸಲ ನಾನು ಅವಳನ್ನ ಕಾಫಿಗೆ ಕರೀತೀನಿ. ಯಾರಿಗೂ ಹೇಳಬೇಡ."

ಪಿಸು ಹೆಡ್‌ಫೋನು ತೆಗೆದಿಟ್ಟಳು.

ಅವನಿಗೆ ಗೊತ್ತಿರಲಿಲ್ಲ. ಒಪ್ಪಿಗೆ ಪತ್ರದ ನಾಲ್ಕನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಸಂಶೋಧಕರು ಇದನ್ನು ಕೇಳುತ್ತಾರೆ ಎಂದು ಬರೆದಿತ್ತು. ಊರಿಗೆಲ್ಲ ಸಣ್ಣ ಅಕ್ಷರ ಓದಿಸುವವನು ತಾನೊಬ್ಬ ಓದದೆ ಸಹಿ ಹಾಕಿದ್ದ. ಆ್ಯಪಿನ ದನಿಯೇ ತನ್ನ ಕೇಳುಗ ಎಂದುಕೊಂಡಿದ್ದ.

"ಈಗ ಹೇಳಿದ್ರೆ ಅವನು ಮೊದಲಿನ ಹಾಗೆ ಮಾತಾಡಲ್ಲ," ಎಂದಳು ಅಕ್ಕ, ಈ ಸಲ ನಗದೆ. "ಆರು ತಿಂಗಳ ಡೇಟಾ. ಅವನು ವಾಪಸ್ ಕೇಳಿದ್ರೆ ಎಲ್ಲಾ ಅಳಿಸಬೇಕು. ಸೆಮಿನಾರಿಗೆ ಐದೇ ವಾರ ಇದೆ. ಇನ್ನು ನಾಲ್ಕು ಭಾನುವಾರ ತಡಿ, ಅಧ್ಯಯನ ಮುಗಿಯುತ್ತೆ. ಆಮೇಲೆ ಹೇಳು."

"ಮುಂದಿನ ಸಲ ಅವನು ಕಾಫಿಗೆ ಕರೀತಾನಕ್ಕ. ಪ್ರಶ್ನೆ ನಂಗೆ ಈಗ್ಲೇ ಗೊತ್ತು. ನಾನು ಆಶ್ಚರ್ಯ ಆದ ಹಾಗೆ ನಾಟಕ ಆಡಬೇಕು. ಅವನು ಅದನ್ನ ನಂಬ್ತಾನೆ. ನಂಬಿ ಮತ್ತೆ ನಂಗೇ ಬಂದು ಹೇಳ್ತಾನೆ."

ಅಕ್ಕ ಗೈಡ್ ಮೇಡಂ ಕೋಣೆಯ ಕಡೆ ಕೈ ತೋರಿಸಿದಳು. ಪಿಸು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅವಳು ಕಂಡ ಮಟ್ಟಿಗೆ ಅದೇ ಮೊದಲು.

ಗೈಡ್ ಮೇಡಂ ವಿಷಯವನ್ನೆಲ್ಲ ಕೇಳಿ, ಪೆನ್ನಿನ ಮುಚ್ಚಳ ಹಾಕಿ, "ಹನ್ನೆರಡು ಹನ್ನೊಂದಾಗುತ್ತೆ, ಅಡಿಟಿಪ್ಪಣಿ ಇರೋದೇ ಅದಕ್ಕೆ. ಇನ್ನು ಮೇಲೆ ಅವನ ಸೆಷನ್ ನಿನ್ನದಲ್ಲ. ಹೋಗಿ ಹೇಳು," ಎಂದರು. ಅವಳು ಬಾಗಿಲು ದಾಟುವಾಗ, "ಕನ್ನಡಕ ಈಗ ಚೆನ್ನಾಗಿ ಕೂತಿದೆ," ಎಂದೂ ಸೇರಿಸಿದರು.

ಆ ಶುಕ್ರವಾರ, ಸರದಿಯಲ್ಲದಿದ್ದರೂ, ಅವಳು ಅವನನ್ನು ಕೋಣೆಗೆ ಕರೆಸಿ, ಅಚ್ಚಾದ ಹಾಳೆಯನ್ನು ಮಗುಚಿಟ್ಟಳು.

"ನಿಮ್ಮ ಭಾನುವಾರದ ರೆಕಾರ್ಡಿಂಗ್ ಯಂತ್ರ ಕೇಳಲ್ಲ. ನಾನು ಕೇಳ್ತೀನಿ. ಮೊದಲಿಂದ್ಲೂ ನಾನೇ."

ಅವನು ಏಳನೇ ವಾಕ್ಯ ಕೇಳಿದ ಖುಷಿಯಲ್ಲಿ ಮೊದಲು ನಕ್ಕ. ಅರ್ಥ ಆಮೇಲೆ ಇಳಿಯಿತು.

"ಎಲ್ಲಾ?"

"ಎಲ್ಲಾ."

"ಸ್ಕ್ರೂ?"

"ಸ್ಕ್ರೂನೂ. ಬಿಗಿ ಮಾಡಿಸಿದ್ದೂ ನಾನೇ, ಮತ್ತೆ ಸಡಿಲ ಮಾಡಿದ್ದೂ ನಾನೇ."

ಅವನ ಕುತ್ತಿಗೆಯಿಂದ ಶುರುವಾದ ಕೆಂಪು ಕಿವಿಯ ತುದಿಯವರೆಗೂ ಹತ್ತಿತು. ಎದ್ದು ಹೊರಟ. ತಲೆ ತಗ್ಗಿಸುವುದನ್ನೂ ಮರೆತಿದ್ದ.

ಭಾನುವಾರ ಹನ್ನೊಂದನೆಯ ಸಾಲು ಖಾಲಿಯಿತ್ತು. ಮಂಗಳವಾರ ಅವಳು ಉಳಿದ ಹನ್ನೊಂದು ಜನರನ್ನು ಕೇಳಿ ಮುಗಿಸಿದಳು. ನಾಲ್ಕನೆಯವಳ ಅತ್ತೆ ಬಂದಿದ್ದರು, ಒಂಬತ್ತನೆಯವನ ಸೈಕಲ್ ಕಳೆದಿತ್ತು. ಎಲ್ಲ ಸರಿಯಾಗಿಯೇ ಬರೆದಳು. ಆದರೆ ಮಂಗಳವಾರವೇ ಬಂದಂತೆ ಅನ್ನಿಸಲಿಲ್ಲ.

"ನ್ಯಾಯ ಆಗಿಲ್ಲ ಅಕ್ಕ," ಎಂದಳು. "ಅವನು ಎಡವಿ ಎಡವಿ ಮಾತಾಡಿದ, ನಾನು ಆರಾಮಾಗಿ ಕೂತು ಎಣಿಸ್ದೆ."

"ಹಾಗಾದ್ರೆ ನೀನೂ ಎಡವು," ಎಂದಳು ಅಕ್ಕ.

ಅವನು ಯಾಕೆ ತಪ್ಪುತ್ತಾನೆ ಎಂದು ತಿಳಿಯಲು ಪಿಸು ಅವನ ತಾಯ್ನುಡಿಯ ವ್ಯಾಕರಣವನ್ನು ಈ ಆರು ತಿಂಗಳೂ ಓದಿದ್ದಳು. ಆ ಭಾಷೆಯ ಕ್ರಿಯಾಪದಗಳನ್ನು ಕೋಷ್ಟಕ ಹಾಕಿ ತೋರಿಸಬಲ್ಲಳು. ಆ ಭಾಷೆಯಲ್ಲಿ ಒಂದು ಲೋಟ ನೀರು ಕೇಳಲಾರಳು. ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ. ಸ್ಪಂಜಿನ ಗೋಡೆಗಳ ನಡುವೆ ಫೋನು ಎದುರಿಗಿಟ್ಟುಕೊಂಡು ಅವಳು ಐದು ನಿಮಿಷ ಮಾತಾಡಿದಳು. ಅಕ್ಕ ಹೊರಗೆ ನಿಂತು ಯಾರೂ ಒಳಗೆ ಬಾರದಂತೆ ಕಾವಲು ಕಾದಳು.

ಶನಿವಾರ ಮಧ್ಯಾಹ್ನ ಅವಳು ಕನ್ನಡಕದ ಅಂಗಡಿಗೆ ಹೋದಳು. ಅವನು ಒಬ್ಬ ಅಜ್ಜಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಕಬ್ಬಿಣದ ಗುಂಡು ಫ್ರೇಮು ಇಟ್ಟು, ಒಂದೊಂದೇ ಗಾಜು ಬದಲಿಸುತ್ತಿದ್ದ. "ಇದು ಚೆನ್ನಾಗಿದೆಯಾ, ಅದು ಚೆನ್ನಾಗಿದೆಯಾ?" ಅವಳನ್ನು ಕಂಡು ಕೈ ಅಲ್ಲೇ ನಿಂತಿತು.

ಅವಳು ಹೆಡ್‌ಫೋನು ಮುಂದೆ ಹಿಡಿದಳು. "ಈ ಸಲ ನೀವು ಕೇಳಿ."

ಅವನು ಅಜ್ಜಿಯ ಕಡೆ ನೋಡಿದ. "ನಂಗೇನ್ ಅವಸರ ಇಲ್ಲಪ್ಪ," ಎಂದರು ಅಜ್ಜಿ.

ಅವನು ಕೇಳಿದ. ಅದನ್ನು ನಮ್ಮ ಭಾಷೆಗೆ ತಂದರೆ ಸುಮಾರು ಹೀಗಿತ್ತು: "ನಾನು ಯಂತ್ರ ಅಲ್ಲ ಇದ್ದೇನೆ. ನಾನು ಆರು ವಾಕ್ಯ ಹುಡುಗಿ. ನಾನು ನಿಮಗೆ ನಕ್ಕೆ, ಆದರೆ ಒಳ್ಳೆಯ ನಗು. ನಾನು ಭಯ ಇದ್ದೇನೆ ಎಲ್ಲ ಜನರಿಗೆ. ನಿಮಗೆ ಕಡಿಮೆ. ನಿಮ್ಮ ಭಾನುವಾರ ಇಲ್ಲದ ಮಂಗಳವಾರ ನನಗೆ ಬೇಡ ಆಗುತ್ತದೆ."

ಮೊದಲು ಅವನ ತುಟಿ ಬಿಗಿದಿತ್ತು. ಒಂದನೇ ನಿಮಿಷಕ್ಕೆ ಭುಜ ಅಲುಗಿತು. ಎರಡನೆಯದಕ್ಕೆ ಕೌಂಟರಿಗೆ ಒರಗಿಕೊಂಡು ಕಣ್ಣೀರು ಬರುವಷ್ಟು ನಕ್ಕ. ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು, ಆದರೂ ನಿಂತಳು. ಕೊನೆಗೆ ಬರುವಷ್ಟರಲ್ಲಿ ಅವನು ನಗುತ್ತಿರಲಿಲ್ಲ. ಹಿಂದಕ್ಕೆ ಎಳೆದು ಕೊನೆಯ ವಾಕ್ಯವನ್ನು ಇನ್ನೊಮ್ಮೆ ಕೇಳಿದ. ಮತ್ತೊಮ್ಮೆ ಕೇಳಿದ.

"ನನ್ನ ರೆಕಾರ್ಡಿಂಗ್ ಅಳಿಸಬೇಡಿ," ಎಂದ ಹೆಡ್‌ಫೋನು ತೆಗೆದು. "ಪುಸ್ತಕದಲ್ಲಿ ಹಾಕಿ. ಗೊಂಬೆ ವಿಷಯ ಮಾತ್ರ ಬೇಡ."

"ಹಾಕಲ್ಲ."

"ನೀವು ನನ್ನ ಭಾಷೆ ತುಂಬಾ ಕೆಟ್ಟದಾಗಿ ಮಾತಾಡ್ತೀರಿ."

"ಗೊತ್ತು."

"ತುಂಬಾ ಅಂದರೆ ತುಂಬಾ."

"ನಂಗೆ ಈ ಗಾಜಲ್ಲಿ ಅಕ್ಷರ ಒಂದೂ ಕಾಣ್ತಿಲ್ಲ," ಎಂದರು ಕುರ್ಚಿಯ ಮೇಲಿನ ಅಜ್ಜಿ. "ಬಾಕಿದ್ದೆಲ್ಲ ಕಾಣ್ತಿದೆ."

ಅವನು ಕೌಂಟರು ಸುತ್ತಿ ಈಚೆ ಬಂದ. ಅವಳ ಎದುರು ನಿಂತು, ಹೊಸದಾಗಿ ಕಲಿಯುವವರ ಹತ್ತಿರ ಆಡುವ ಹಾಗೆ ಪದಪದವನ್ನೂ ಬಿಡಿಸಿಟ್ಟು, ತನ್ನ ಭಾಷೆಯಲ್ಲಿ ಒಂದು ವಾಕ್ಯ ಹೇಳಿದ. ಅದರಲ್ಲಿ ಕಾಫಿ ಇರಲಿಲ್ಲ. ಕಾಫಿಗಿಂತ ಬಹಳ ದೊಡ್ಡದಿತ್ತು.

ಪಿಸು ತಲೆ ತಗ್ಗಿಸಿದಳು, ಎತ್ತಿದಳು.

"ಅರ್ಥ ಆಗ್ಲಿಲ್ಲ. ಇನ್ನೊಂದ್ ಸಲ ಹೇಳ್ತೀರಾ?"

ಅವನು ಇನ್ನೂ ಹತ್ತಿರ ಬಂದು, ಇನ್ನೂ ನಿಧಾನವಾಗಿ ಹೇಳಿದ.

ಅವಳಿಗೆ ಮೊದಲ ಸಲವೇ ಅರ್ಥವಾಗಿತ್ತು.